ಅಂಜನದಜ್ಜಿಯ ಮನೆಯ ಊಟ

ಅವಳ ಬಲಗೈ ಹೆಬ್ಬೆರಳು ಕಪ್ಪಗಿತ್ತು. ಉಗುರಿನ ಸಂದಿಯಿಂದ ಮೊದಲ ಗೆಣ್ಣಿನವರೆಗೆ ಕಾಡಿಗೆ ಇಳಿದು ಕೂತಿತ್ತು, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದು. ಯಾರ ಜೊತೆಯಾದರೂ ಮಾತಾಡುವಾಗ ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಇಟ್ಟುಕೊಳ್ಳುತ್ತಿದ್ದಳು. ಒಮ್ಮೆ ಯಾಕಜ್ಜಿ ಅಂತ ಕೇಳಿದ್ದಕ್ಕೆ, "ಅದು ನೋಡೋ ಬೆಳ್ಳು ಕಣವ್ವ. ಸುಮ್ ಸುಮ್ನೆ ಬುಟ್ರೆ ಯಾರ್ ಯಾರ ಮನೇನೋ ಇಣುಕ್ತದೆ" ಅಂತ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಳು.

ಚೇಳೂರಿನಿಂದ ಒಳಗೆ ಹೋದರೆ ತೆಂಗಿನ ತೋಟದ ಅಂಚಿಗೆ ಶೀಟಿನ ಮಾಡಿನ ಒಂದು ಮನೆ. ಅಲ್ಲಿ ತಮ್ಮನ ಮಗಳ ಜೊತೆ ಇದ್ದಳು. ಸುತ್ತಿನ ಹಳ್ಳಿಗಳಿಗೆಲ್ಲ ಅವಳು ಅಂಜನದಜ್ಜಿ. ಹರಳೆಣ್ಣೆ ದೀಪದ ಕಾಡಿಗೆಯನ್ನು ವೀಳ್ಯದೆಲೆಗೆ ಸವರಿ, ಬಾಗಿಲ ಬೆಳಕಿಗೆ ಹಿಡಿದು ಕೂತರೆ, ಕಳೆದುಹೋದ ಮನುಷ್ಯ ಎಲ್ಲಿದ್ದಾನೆ ಅಂತ ಹೇಳುತ್ತಿದ್ದಳು. ನಾನು ಪೊಲೀಸ್ ಇಲಾಖೆಯವಳು. ಗುಬ್ಬಿ ಕಡೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಇಂಥದನ್ನೆಲ್ಲ ನಂಬಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳಬೇಕಾದವರು ನಾವೇ. ಆದರೆ ಫೋನಿನ ಟವರ್ ಕೈಕೊಟ್ಟು, ಬಸ್ ಸ್ಟ್ಯಾಂಡಿನ ಕ್ಯಾಮೆರಾದಲ್ಲಿ ಏನೂ ಕಾಣದೆ, ಮನೆಯವರು ಠಾಣೆಯ ಮೆಟ್ಟಿಲ ಮೇಲೆ ಕೂತು ಅಳತೊಡಗಿದಾಗ ನಮ್ಮ ಸಾಹೇಬರು ಖಾಕಿ ಕಳಚಿ, ಚೌಕಳಿ ಶರ್ಟು ಹಾಕಿಕೊಂಡು ಬಂದು, "ನಡೀರಮ್ಮ, ಸ್ವಲ್ಪ ಚೇಳೂರ್ ಕಡೆ ಹೋಗ್ಬರೋಣ" ಅನ್ನುತ್ತಿದ್ದರು. ಮನುಷ್ಯ ಸಿಕ್ಕರೆ ಕಾಗದದಲ್ಲಿ "ಖಚಿತ ಮಾಹಿತಿ ಮೇರೆಗೆ" ಅಂತ ಬರೆಯುತ್ತಿದ್ದೆವು. ಸರ್ಕಾರಕ್ಕೆ ಅಜ್ಜಿ ಯಾರು ಅಂತ ಗೊತ್ತಿರಲಿಲ್ಲ, ಸರ್ಕಾರದ ಜೀಪಿಗೆ ಮಾತ್ರ ಅವಳ ಮನೆಯ ದಾರಿ ಚೆನ್ನಾಗಿ ಗೊತ್ತಿತ್ತು.

ಅಜ್ಜಿಯ ಕಟ್ಟಳೆ ಬಲು ಬಿಗಿ. ಒಡವೆ ಕಳೆದಿದೆ ಅಂತ ಬಂದವರನ್ನು ಅಂಗಳದಿಂದಲೇ ಅಟ್ಟುವಳು. ಮನುಷ್ಯರನ್ನು ಮಾತ್ರ ನೋಡುವಳು. ಅದರಲ್ಲೂ, "ಎಲ್ಲವ್ನೆ ಅಂತ ಕೇಳು, ಹೇಳ್ತೀನಿ. ಯಾರು ಮಾಡಿದ್ರು ಅಂತ ಕೇಳ್ಬೇಡ. ಅದು ನಿನ್ ಕೆಲ್ಸ, ಸಂಬ್ಳ ತಗೋತೀಯಲ್ಲ!" ಎಲೆ ಹಿಡಿಯುವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಮನೇಲಿ ಏನಂತ ಕೂಗ್ತಿದ್ರಿ?" ಆ ಕೂಗುವ ಹೆಸರನ್ನು ಮೆಲ್ಲಗೆ ಹೇಳಿಕೊಂಡು ಎಲೆಯನ್ನೇ ನೋಡುತ್ತ ಕೂರುವಳು. ಆ ಎಲೆಯೊಳಗೆ ಮೊದಲು ಕಸ ಗುಡಿಸುವವನು ಬರುತ್ತಾನಂತೆ, ಆಮೇಲೆ ನೀರು ಚಿಮುಕಿಸುವವನು, ಚಾಪೆ ಹಾಸುವವನು, ಕೊನೆಗೆ ಆಂಜನೇಯ ಬಂದು ಕೂರುತ್ತಾನಂತೆ. ಒಂದೊಂದು ದಿನ "ಇವತ್ಯಾಕೋ ಕಸ ಗುಡ್ಸೋನೇ ತಡ ಮಾಡ್ತವ್ನೆ, ಸೋಂಬೇರಿ" ಅಂತ ಬೈಯುವಳು. ನನಗೆ ನಗು ತಡೆಯಲು ಆಗುತ್ತಿರಲಿಲ್ಲ.

ಮೊದಲ ಸಲ ಹೋದಾಗ ನನಗೆ ಇವೆಲ್ಲ ಏನೂ ತಿಳಿಯದು. ಒಬ್ಬ ರೈತ ಕಾಣೆಯಾಗಿದ್ದ, ಅವನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಅಜ್ಜಿ ಎಲೆ ನೋಡಿದಳು, ಮಡಚಿ ಸೆರಗಿಗೆ ಕಟ್ಟಿಕೊಂಡಳು, ಒಂದು ಮಾತೂ ಆಡದೆ ಒಳಗೆ ಹೋಗಿ ಮುದ್ದೆ ತಿರುವಿದಳು. ಮುದ್ದೆ, ಹುರುಳಿಕಾಳಿನ ಸಾರು, ಒಂದೊಂದು ಈರುಳ್ಳಿ. ಎಲ್ಲರನ್ನೂ ಕೂರಿಸಿ ಬಡಿಸಿದಳು. ಆಹಾ ಎಂಥಾ ಒಳ್ಳೆ ಮನಸ್ಸು ಅಂದುಕೊಂಡು ನಾನು ಸಾರನ್ನು ಹೊಗಳಿ ಹೊಗಳಿ ಎರಡನೇ ಸಲ ಹಾಕಿಸಿಕೊಂಡೆ. ಕೈ ತೊಳೆಯುವಾಗ ಜೀಪಿನ ಡ್ರೈವರ್ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಮೇಡಮ್, ಈ ಮನೇಲಿ ಊಟ ಹಾಕಿದ್ರೆ ಮುಗೀತು ಅಂತ ಅರ್ಥ. ಬದುಕಿದ್ರೆ ಒಂದು ಲೋಟ ನೀರೂ ಕೊಡಲ್ಲ." ತಿರುಗಿ ನೋಡಿದೆ. ಆ ಮಕ್ಕಳು ಇನ್ನೂ ತಟ್ಟೆ ಬಳಿದು ಉಣ್ಣುತ್ತಿದ್ದರು. ಅಜ್ಜಿ ಸಾಹೇಬರನ್ನು ತೋಟಕ್ಕೆ ಕರೆದು ಯಾವ ಬಾವಿ ಅಂತ ಹೇಳುತ್ತಿದ್ದಳು. ಆ ಬಾವಿಯಲ್ಲೇ ಇದ್ದ.

ಯಾಕೆ ಹೀಗೆ ಅಂತ ನಾನು ಜಗಳಕ್ಕೇ ಹೋದೆ. ನನ್ನ ಬಾಯಿ ಮೊದಲೇ ಜೋರು. "ಏನಜ್ಜಿ ಇದು, ಅಪ್ಪ ಸತ್ತಿದ್ದಾನೆ ಅಂತ ಗೊತ್ತಿದ್ದೂ ಮಕ್ಕಳಿಗೆ ಉಣ್ಣಿಸ್ತೀಯಲ್ಲ!"

ಅವಳು ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ. "ಪೊಲೀಸವ್ವ, ಸಾವಿನ ಮನೇಲಿ ಒಲೆ ಹತ್ತಾಕಿಲ್ಲ, ಗೊತ್ತಲ್ವಾ? ಹುಡುಕಿ ಹುಡುಕಿ ಅವು ಎಂದು ಉಂಡಿದ್ವೋ ಏನೋ. ಸುದ್ದಿ ಎಲ್ಲಿಗೂ ಓಡೋಗಾಕಿಲ್ಲ. ಹೊಟ್ಟೆಗೆ ಒಂದು ಮುದ್ದೆ ಬಿದ್ದಿದ್ರೆ ಅಳಾಕಾದ್ರೂ ಸಕ್ತಿ ಇರ್ತದೆ."

ಅವತ್ತಿನಿಂದ ಆ ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ನನ್ನ ಕಣ್ಣು ಅಡುಗೆಮನೆಯ ಕಡೆಗೇ. ಶಿವನೇ, ಇವಳು ಒಲೆ ಹತ್ತಿರ ಹೋಗದೇ ಇರಲಿ ಅಂತ ಬೇಡಿಕೊಳ್ಳುತ್ತ ನಿಂತಿರುತ್ತಿದ್ದೆ.

ಊರ್ಡಿಗೆರೆ ಕಡೆಯ ಒಬ್ಬ ತಾಯಿಯನ್ನು ಕರೆದೊಯ್ದ ದಿನ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅವಳ ಮಗನಿಗೆ ಮೂವತ್ತು ದಾಟಿತ್ತು, ಮಾತು ಬಾರದು, ಬುದ್ಧಿ ಮಗುವಿನದು. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ತಾಯಿಯ ಕೈ ಬಿಡಿಸಿಕೊಂಡು ಯಾವುದೋ ಬಸ್ಸು ಹತ್ತಿಬಿಟ್ಟಿದ್ದ. ಆ ಹೆಂಗಸು ನೀರು ಸಹ ಮುಟ್ಟದೆ ಒಣಗಿಹೋಗಿದ್ದಳು. ಅಜ್ಜಿ ಎಲೆ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಕತ್ತನ್ನು ಮೇಲೆತ್ತಿ ಎಡಕ್ಕೂ ಬಲಕ್ಕೂ ಆಡಿಸತೊಡಗಿದಳು.

"ಗಿರ್ರ್ ಅಂತ ಏನೋ ತಿರುಗ್ತದೆ ಕಣವ್ವ ಆಕಾಸದಲ್ಲಿ. ನೆಟ್ಟಗೆ ಮೇಲೇಳ್ತದೆ, ನೆಟ್ಟಗೆ ಇಳೀತದೆ. ಉದ್ದಕ್ಕೂ ಗೋಡೆ. ಗೋಡೆ ಆಚೆ ಹೊಂಗೆ ಮರ. ಕೂತ್ಕೊಂಡು ಅದನ್ನೇ ನೋಡ್ತವ್ನೆ. ನಗ್ತವ್ನೆ."

ಹೆಲಿಕಾಪ್ಟರ್! ನನಗೂ ಸಾಹೇಬರಿಗೂ ಒಟ್ಟಿಗೇ ಹೊಳೆಯಿತು, ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ. ತಾಯಿ "ಅಯ್ಯೋ, ಮನೇಲಿ ಫ್ಯಾನ್ ಹಾಕಿದ್ರೆ ಅದರ ಕೆಳಗಿಂದ ಏಳ್ತಾನೇ ಇರ್ಲಿಲ್ಲ" ಅಂತ ಬಡಬಡಿಸಿದಳು. ಅಜ್ಜಿಗೆ ಅದನ್ನು ಯಾರೂ ಮೊದಲು ಹೇಳಿರಲಿಲ್ಲ, ನಾನು ಪಕ್ಕದಲ್ಲೇ ಇದ್ದೆ. ಆ ತಾಯಿ ಬಾಯಾರಿ ಒಂದು ಗುಟುಕು ನೀರು ಕೇಳಿದಳು. ಅಜ್ಜಿ ಧಡಕ್ಕನೆ ಎದ್ದು, "ನೀರೂ ಇಲ್ಲ ಗೀರೂ ಇಲ್ಲ! ಏಳೇ ಮೇಲಕ್ಕೆ, ಹೊರಡು! ಅವ್ನು ಹಸ್ಕೊಂಡವ್ನೆ!" ಅಂತ ರಟ್ಟೆ ಹಿಡಿದು ಎಬ್ಬಿಸಿ, ಅಂಗಳದಾಚೆಗೆ ದಬ್ಬಿದಳು. ರಟ್ಟೆ ಹಿಡಿದು ನೂಕಿಸಿಕೊಂಡದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಡ್ರೈವರ್ ಅಳುತ್ತಲೇ ಜೀಪು ಓಡಿಸಿದ. ಕಾಂಪೌಂಡಿನ ಹೊರಗೆ, ಹೊಂಗೆ ಮರದ ಕೆಳಗೆ, ಕತ್ತೆತ್ತಿಕೊಂಡು ಕೂತಿದ್ದ ಮಹಾರಾಯ.

ಇಷ್ಟೆಲ್ಲ ಕಂಡೂ ನಾನು ಅಜ್ಜಿಯನ್ನು ಒಂದು ಮಾತು ಕೇಳಿರಲಿಲ್ಲ. ನನ್ನ ಅಣ್ಣನ ಮಾತು. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಅವನು ಹೊಸ ಅಂಗಿ ಹಾಕಿಕೊಂಡು, ಗುಬ್ಬಿಯಲ್ಲಿ ಸ್ನೇಹಿತನ ಮದುವೆ ಅಂತ ಕುಣಿಗಲಿನ ನಮ್ಮ ಮನೆಯಿಂದ ಹೊರಟವನು ಮದುವೆಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಯಾರೋ ಬೆಂಗಳೂರಿನಲ್ಲಿ ಕಂಡೆ ಅಂದರು. ಅಪ್ಪ ಬೆಂಗಳೂರೆಲ್ಲ ಅಲೆದು ಅಲೆದು ಆ ಕೊರಗಿನಲ್ಲೇ ತೀರಿಕೊಂಡರು. ನಾನು ಖಾಕಿ ತೊಟ್ಟದ್ದೂ ಅವನನ್ನು ಹುಡುಕುವ ಹುಚ್ಚಿನಿಂದಲೇ. ನಮ್ಮವ್ವ ಮಾತ್ರ ಕುಣಿಗಲಿನ ಆ ಬಾಡಿಗೆ ಮನೆ ಬಿಟ್ಟು ಅಲ್ಲಾಡಲಿಲ್ಲ. ತುಮಕೂರಿಗೆ ಬಂದು ನನ್ನ ಜೊತೆ ಇರು ಅಂದರೆ, "ಪುಟ್ಟ ಬಂದ್ರೆ ಈ ಮನೇಗೇ ಬರೋದು. ಬೇರೆ ಯಾರೋ ಬಾಗಿಲು ತೆಗುದ್ರೆ ವಾಪಸ್ ಹೊಂಟೋಯ್ತಾನೆ ಕಣೇ" ಅನ್ನುತ್ತಿದ್ದಳು. ಮಹಾಲಯ ಅಮಾವಾಸ್ಯೆ ದಿನ ಸತ್ತವರಿಗೆಲ್ಲ ಎಡೆ ಇಡುವಾಗ ನೆಂಟರು ಮೆಲ್ಲಗೆ ಅವನ ಹೆಸರೆತ್ತಿದರೆ ಸೌಟು ಎತ್ತಿಕೊಂಡೇ ಮೇಲೆ ಬೀಳುವಳು: "ಬದ್ಕಿರೋನಿಗೆ ಯಾವಳಾದ್ರೂ ಎಡೆ ಇಡ್ತಾಳೇನ್ರೇ?"

ನಾನೇಕೆ ಕೇಳಲಿಲ್ಲ ಅಂದರೆ, ಹೆದರಿಕೆ. ಕೇಳಿದರೆ ಆ ಮುದುಕಿ ಒಲೆ ಕಡೆ ಹೋದರೆ? ಅವಳಿಗೆ ನನ್ನ ಹೊಟ್ಟೆಯೊಳಗಿನದು ತಿಳಿದಿತ್ತು ಅಂತ ಈಗನಿಸುತ್ತದೆ. ಹೊರಡುವಾಗ ಒಂದೊಂದು ಸಲ ಬಾಗಿಲಲ್ಲಿ ನಿಂತು, "ನಿಂದೇನಾದ್ರೂ ಅದೇನವ್ವ ಕೇಳೋದು?" ಅನ್ನುವಳು. "ನನಗೇನಜ್ಜಿ, ಚೆನ್ನಾಗಿದ್ದೀನಿ" ಅಂದು ಜೀಪು ಹತ್ತಿಬಿಡುತ್ತಿದ್ದೆ.

ಕೊನೆಗೆ ಮುಂದಾದವಳು ಅವ್ವನೇ. ಅಜ್ಜಿಗೆ ಹುಷಾರಿಲ್ಲ, ಕಣ್ಣು ಮಂಜಾಗಿದೆ ಅಂತ ನಾನು ಹೇಳಿದ ದಿನ, ಹೂ ಕಟ್ಟುತ್ತಿದ್ದವಳು ನೂಲು ಕೆಳಗಿಟ್ಟಳು. "ನಡಿ, ನಾಳೆ ಕರ್ಕೊಂಡು ಹೋಗು. ಹುಡುಕೋಳೇ ಹೊಂಟೋದ್ರೆ ಆಮೇಲೆ ಯಾರನ್ನ ಕೇಳಾನ?" ನನ್ನ ಯಾವ ನೆಪವೂ ನಡೆಯಲಿಲ್ಲ.

ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ನಮ್ಮಿಬ್ಬರನ್ನೂ ಕಂಡು ಏನೂ ಕೇಳಲಿಲ್ಲ. ಎಲೆ ತೆಗೆದು, ಕಾಡಿಗೆ ಸವರಿ, ಅವ್ವನ ಕಡೆ ತಿರುಗಿದಳು. "ಮನೇಲಿ ಏನಂತ ಕೂಗ್ತಿದ್ದೆ?"

"ಪುಟ್ಟ ಅಂತ," ಅಂದಳು ಅವ್ವ.

ಪುಟ್ಟ, ಪುಟ್ಟ ಅಂತ ಅಜ್ಜಿ ಎಲೆಯೊಳಗೆ ಕೂಗಿದಳು. ನಾನು ನೆಲ ನೋಡುತ್ತ ನಿಂತಿದ್ದೆ. ಎಲೆ ಮಡಚಿದ ಸದ್ದು ಕೇಳಿತು. ಗೋಡೆ ಹಿಡಿದುಕೊಂಡು ಅಜ್ಜಿ ಎದ್ದಳು. ತಮ್ಮನ ಮಗಳು ಓಡಿಬಂದು "ನಾನು ಮಾಡ್ತೀನಿ ಬುಡತ್ತೆ" ಅಂದರೆ ಅವಳ ಕೈ ಸರಿಸಿ, ತಾನೇ ನಿಧಾನವಾಗಿ ಒಲೆ ಹತ್ತಿರ ಹೋಗಿ ಕೂತಳು.

ಅವ್ವನ ಕೈ ಹಿಡಿದು ಎಬ್ಬಿಸಿ ಓಡಿಹೋಗೋಣ ಅನಿಸಿತು. ಆದರೆ ಅವ್ವ ಆಗಲೇ ಕೈ ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತಿದ್ದಳು. ಮುದ್ದೆ ಮುರಿದಳು, ಸೊಪ್ಪಿನ ಸಾರಿಗೆ ಅದ್ದಿದಳು. "ಸಾರು ಬಲು ಚೆಂದಾಗದೆ ಕಣಕ್ಕ, ಇನ್ನೊಂದ್ ಸೌಟು ಬುಡು" ಅಂದಳು. ಹುಚ್ಚು ಮುದುಕಿ, ಇವಳಿಗೇನು ಗೊತ್ತು ಅಂತ ನನಗೆ ಕರುಳು ಕಿತ್ತುಬಂತು. "ಏನೇ, ಯಾಕೆ ಸುಮ್ನೆ ಕೂತಿದ್ದೀಯಾ, ಉಣ್ಣು" ಅಂತ ನನ್ನನ್ನು ಗದರಿಸಿದಳು. ಅವಳಿಗೆ ಅನುಮಾನ ಬರಬಾರದು ಅಂತ ನಾನೂ ನುಂಗಿದೆ. ಮುದ್ದೆ ಪೂರ್ತಿ ಮುಗಿಯುವವರೆಗೂ ಅವ್ವ ನನ್ನ ತಟ್ಟೆಯ ಮೇಲೆ ಕಣ್ಣಿಟ್ಟೇ ಇದ್ದಳು.

ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅವ್ವ ಅಜ್ಜಿಯ ಎದುರು ಕೂತಳು. "ಈಗ ಹೇಳಕ್ಕ. ಎಲ್ಲಿ ಮಲಗವ್ನೆ ನನ್ ಮಗ?"

ನಾನು ಬೆಚ್ಚಿ ಅವಳ ಮುಖ ನೋಡಿದೆ.

"ನೀನೇ ಅಲ್ವೇನೇ ಮನೇಗೆ ಬಂದಾಗಲೆಲ್ಲ ಈ ಮನೆ ಊಟದ ಕತೆ ಹೇಳ್ತಿದ್ದೋಳು," ಅಂದಳು ಅವ್ವ. "ಆಯಕ್ಕ ಒಲೆ ಕಡೆ ತಿರುಗ್ದಾಗ್ಲೇ ಗೊತ್ತಾಯ್ತು. ನಾನು ತಟ್ಟೆ ತಳ್ಳಿದ್ರೆ ನೀನು ಉಣ್ತಿದ್ಯಾ?"

ಆಮೇಲೆ ಅತ್ತಳು. ಅಜ್ಜಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಎಂದೂ ಬಿಚ್ಚದ ಆ ಕಪ್ಪು ಹೆಬ್ಬೆರಳಿನಿಂದಲೇ ಕಣ್ಣೊರೆಸಿದಳು. "ದೂರ ಎಲ್ಲೂ ಹೋಗಿಲ್ಲ ಕಣವ್ವ. ಗುಬ್ಬಿ ಇನ್ನೂ ಸ್ವಲ್ಪ ದೂರ ಇರುವಂಗೇ, ರೈಲು ಹಳಿ ಪಕ್ಕ, ಜೋಡಿ ಹುಣಸೆ ಮರದ ಬುಡ. ಊರೋರು ಒಳ್ಳೇರು, ಚೆನ್ನಾಗಿ ಮಣ್ಣು ಮಾಡವ್ರೆ. ಆ ಆರು ಬೆಳ್ಳಿನ ಕೈಯ ಎದೆ ಮೇಲಿಟ್ಟು ಮಲಗ್ಸವ್ರೆ."

ಅಣ್ಣನ ಎಡಗೈಗೆ ಆರು ಬೆರಳು. ನಾವಿಬ್ಬರೂ ಅದನ್ನು ಹೇಳಿರಲಿಲ್ಲ, ಆ ಮನೆಯಲ್ಲಿ ನಾನು ಯಾವತ್ತೂ ಅಣ್ಣನ ಮಾತನ್ನೇ ಎತ್ತಿದ್ದಿಲ್ಲ.

ಹೋಗಿ ನೋಡಿದೆ. ಜೋಡಿ ಹುಣಸೆ ಮರ ಇತ್ತು. ನಾನು ದಿನಾ ಡ್ಯೂಟಿಗೆ ಹೋಗುವ ರೈಲಿನ ಕಿಟಕಿಗೆ ಕಾಣುವ ಮರ. ಅಲ್ಲಿ ಕುರಿ ಬಿಟ್ಟುಕೊಂಡಿದ್ದ ಮುದುಕ ನಾನು ಬಾಯಿಬಿಟ್ಟ ಕೂಡಲೇ, "ಆರು ಬೆಳ್ಳಿನ ಹುಡುಗನಾ? ಅವರ ಕಡೇರಾ ನೀವು?" ಅಂದ. "ರೈಲಿಂದ ಬಿದ್ದಿದ್ದ ಪಾಪ. ಠಾಣೆಗೂ ತಿಳಿಸ್ದೆ ಊರೋರೇ ಮಣ್ಣು ಮಾಡಿದ್ರು, ಯಾರೂ ಕೇಳ್ಕೊಂಡು ಬರ್ಲಿಲ್ಲ. ಯಾರ ಮನೆ ಮಗನೋ ಏನೋ ಅಂತ ಅಮಾಸೆ ದಿನ ನಮ್ಮಪ್ಪ ನಮ್ಮನೆ ಎಡೆ ಪಕ್ಕದಲ್ಲಿ ಅವನಿಗೂ ಒಂದು ಇಡೋನು. ಈಗ ನಾನು ಇಡ್ತೀನಿ." ಆ ಬಿಸಿಲಿನಲ್ಲಿ ಅವನ ಕಾಲು ಹಿಡಿದುಕೊಂಡುಬಿಟ್ಟೆ. ಎಲೆಯಲ್ಲಿ ಅಜ್ಜಿಗೆ ಅದು ಹೇಗೆ ಕಂಡಿತೋ ನನಗೆ ತಿಳಿಯದು. ತಿಳಿದವರು ಏನಾದರೂ ಹೇಳಲಿ, ನಾನಂತೂ ಕೈ ಮುಗಿಯುತ್ತೇನೆ.

ಅವ್ವ ಕುಣಿಗಲಿನ ಮನೆ ಖಾಲಿ ಮಾಡಿ ನನ್ನ ಜೊತೆ ತುಮಕೂರಿಗೆ ಬಂದಳು. ಈಗ ಠಾಣೆಯಲ್ಲಿ ಕೆಟ್ಟ ಸುದ್ದಿ ಹೇಳುವ ಪಾಳಿ ನನ್ನದಾದರೆ, ಮೊದಲು ಎದುರಿನ ಹೋಟೆಲಿನಿಂದ ಇಡ್ಲಿ ತರಿಸಿ ಆ ಮನೆಯವರನ್ನು ಕೂರಿಸುತ್ತೇನೆ. "ಮೊದಲು ತಿನ್ನಿ, ಆಮೇಲೆ ಮಾತು" ಅನ್ನುತ್ತೇನೆ. ಹೊಸದಾಗಿ ಬಂದ ಹುಡುಗಿಯರು, ಮೇಡಮ್ಮಿಗೆ ಬಾಯಿ ಜೋರು, ಮನಸ್ಸು ಮೆತ್ತಗೆ ಅಂತ ಆಡಿಕೊಳ್ಳುತ್ತಾರೆ.

ಆ ವರ್ಷದ ಮಾಗಿಯಲ್ಲಿ ಅಜ್ಜಿ ಹೋದಳು. ಬೆಳಿಗ್ಗೆ ಫೋನು ಬಂತು, ನಾನು ತಕ್ಷಣ ಹೊರಡೋಣ ಅಂದೆ. ಅವ್ವ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಬಸ್ಸು ತಪ್ಪಿಹೋಗುತ್ತದೆ, ಏನು ಮಾಡ್ತಿದ್ದೀಯಾ ಅಂತ ನಾನು ಕೂಗಾಡಿದೆ. ಸಾರಿನ ಕ್ಯಾರಿಯರ್ರು, ಬಟ್ಟೆಯಲ್ಲಿ ಸುತ್ತಿದ ಬಿಸಿ ಮುದ್ದೆ ಹಿಡಿದುಕೊಂಡು ಬಂದಳು.

"ಅಲ್ಲಿ ಒಲೆ ಹತ್ತಿರಾಕಿಲ್ಲ ಕಣೇ," ಅಂದಳು.

ಚೇಳೂರಿನ ಆ ಅಂಗಳದಲ್ಲಿ ಅಜ್ಜಿಯನ್ನು ಮಲಗಿಸಿದ್ದರು. ಕೈ ಎದೆಯ ಮೇಲಿತ್ತು, ಹೆಬ್ಬೆರಳು ಹೊರಗೇ ಇತ್ತು, ಕಪ್ಪಗೆ. ತಮ್ಮನ ಮಗಳು ಮೂಲೆಯಲ್ಲಿ ಮುದುಡಿ ಕೂತಿದ್ದಳು. ಅವ್ವ ನೇರ ಅವಳ ಹತ್ತಿರ ಹೋಗಿ ಕೂತು, ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗೆ ಹಿಡಿದಳು.

"ಉಣ್ಣವ್ವ. ಉಂಡು ಆಮೇಲೆ ಅಳುವಂತೆ."