ಮೂಡಲಗಿಯ ಬುತ್ತಿ ಮತ್ತು ನನ್ನ ಐನೂರು ಕರಪತ್ರ

ಗುರುವಾರ ಬೆಳಿಗ್ಗೆ ಏಳೂವರೆಗೆ ಬೆಳಗಾವಿ ಬಸ್ ನಿಲ್ದಾಣದಲ್ಲಿ ಗೋಕಾಕದ ಬಸ್ಸಿನ ಕಿಟಕಿ ಸೀಟು ಹಿಡಿದು ಕೂತಾಗ ನನಗೆ ಅರವತ್ತೊಂದು ವರ್ಷ ಎಂದರೆ ಯಾರೂ ನಂಬುತ್ತಿರಲಿಲ್ಲ. ಟ್ರಿಪ್ಪಿಗೆ ಹೊರಟ ಆರನೆಯ ಇಯತ್ತೆಯ ಹುಡುಗಿಯಂತೆ ಕುಣಿಯುವುದೊಂದೇ ಬಾಕಿ ಇತ್ತು. ಕಂಡಕ್ಟರು ಆಧಾರ್ ಕಾರ್ಡ್ ನೋಡಿ ಹೆಣ್ಣುಮಕ್ಕಳ ಸೊನ್ನೆ ಟಿಕೆಟ್ ಹರಿದು ಕೊಟ್ಟರು. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಮೂರು ಸೀರೆ, ಬಿ.ಪಿ. ಗುಳಿಗೆ ಮತ್ತು ಐನೂರು ಕರಪತ್ರ. ಕರಪತ್ರ ಬರೆದವಳು ನಾನೇ. ಮೂವತ್ತು ವರ್ಷ ಕನ್ನಡ ಕಲಿಸಿದವಳು, ಹಾಗಾಗಿ ಹುಡುಕಿದರೂ ಒಂದು ತಪ್ಪು ಸಿಗದು. ಅದರ ತಲೆಬರಹ: ‘ದುಃಖದಲ್ಲಿರುವ ನಿಮಗೊಂದು ಶುಭವಾರ್ತೆ.’

ಹೊರಟ ಕಾರಣ ಹೇಳಿಬಿಡುತ್ತೇನೆ. ನಮ್ಮ ಚರ್ಚಿಗೆ ಎರಡು ವರ್ಷದಿಂದ ಒಂದು ಹೊಸ ಮುಖ ಬಂದಿರಲಿಲ್ಲ. ನೆರೆಹೊರೆಯವರಿಗೆ ಸುವಾರ್ತೆ ಮುಟ್ಟಿಸುವುದು ಹೇಗೆ ಎಂದು ಸಮಿತಿಯಲ್ಲಿ ಜಗ್ಗಾಟ ನಡೆದಾಗ ನಾನು ನನ್ನ ಕರಪತ್ರ ಮುಂದಿಟ್ಟೆ. ಐದು ಸಾವಿರ ಅಚ್ಚು ಹಾಕಿಸಿ ಮನೆಮನೆಗೆ ಹಂಚೋಣ ಎಂದೆ. ಸಮಿತಿಯ ಅಧ್ಯಕ್ಷರು ಹುಷಾರಿನ ಮನುಷ್ಯ. ಗೋಕಾಕ, ಮೂಡಲಗಿ, ಹುಕ್ಕೇರಿಯ ಚಿಕ್ಕ ಸಭೆಗಳಿಗೆ ಸುತ್ತಲಿನ ಜನರೊಡನೆ ಒಳ್ಳೆಯ ಒಡನಾಟ ಇದೆಯಂತೆ, ಮೊದಲು ನೋಡಿಕೊಂಡು ಬನ್ನಿ, ರವಿವಾರ ಸಂಜೆ ತೀರ್ಮಾನ ಮಾಡೋಣ ಎಂದರು. ನಾನು ಒಂದೇ ಜಿಗಿತಕ್ಕೆ ಒಪ್ಪಿದೆ.

ಬಸ್ಸು ಹತ್ತುವ ಮೊದಲೇ ಕೆಲಸ ಶುರು ಮಾಡಿದ್ದೆ ಕೂಡ. ನಮ್ಮ ಎದುರು ಮನೆಯ ಯಜಮಾನರು ತೀರಿಕೊಂಡು ಒಂದು ತಿಂಗಳಾಗಿತ್ತು. ಆ ಮನೆಯವರೊಡನೆ ನನಗೆ ಮಾತುಕತೆ ಅಷ್ಟಕ್ಕಷ್ಟೇ. ನಸುಕಿನಲ್ಲಿ ಹೊರಡುವಾಗ ಅವರ ಬಾಗಿಲ ಸಂದಿಯಲ್ಲಿ ಒಂದು ಕರಪತ್ರ ತೂರಿಸಿ ಬಂದೆ. ಇದಕ್ಕಿಂತ ಸರಿಯಾದ ಓದುಗರು ಇನ್ನಾರು ಎಂದು ಹೆಮ್ಮೆಯೂ ಪಟ್ಟೆ.

ಎರಡು ತಾಸಿನ ದಾರಿ. ಗೋಕಾಕ ಮುಟ್ಟಿದಾಗ ಜಿಟಿಜಿಟಿ ಮಳೆ. ಅಲ್ಲಿನ ಸಭಾಪಾಲಕರು ಚರ್ಚಿನ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಗುರುವಾರ ಅವರ ಅರ್ಜಿಯ ದಿನ. ಯಾರು ಬಂದರೂ ರೇಷನ್ ಕಾರ್ಡಿನದೋ ಜಾತಿ ಪ್ರಮಾಣಪತ್ರದ್ದೋ ಅರ್ಜಿ ಬರೆದುಕೊಡುತ್ತಾರೆ. ಕಂಬಳಿ ಹೊದ್ದು ಮಮದಾಪುರದಿಂದ ಬಂದಿದ್ದ ಕುರಿಗಾರ ಅಜ್ಜನೊಬ್ಬ ಸರದಿಗೆ ಕಾಯುತ್ತಿದ್ದ. ನಾನು ತಡಮಾಡದೆ ಅವನ ಕೈಗೊಂದು ಕರಪತ್ರ ಹಿಡಿಸಿದೆ.

“ನನಗ ಓದಾಕ ಬರಂಗಿಲ್ರಿ ಅಕ್ಕೋರ. ನೀವ ಓದ್ರಿ,” ಎಂದ.

ಸ್ವರದ ಏರಿಳಿತ ಸಮೇತ ಓದಿದೆ. ಅಜ್ಜ ಕಣ್ಣು ಮುಚ್ಚಿ ಕೇಳಿದ. ನನಗೋ ಖುಷಿಯೇ ಖುಷಿ. ಅರ್ಧ ಪುಟ ಆಗುವಷ್ಟರಲ್ಲಿ ಕಣ್ಣು ತೆರೆದು, “ಇದರಾಗ ನನ್ನ ರೇಷನ್ ಕಾರ್ಡಿನ ಸುದ್ದಿ ಎಲ್ಲಿ ಬರತೈತ್ರಿ?” ಎಂದು ಕೇಳಿ, ಕರಪತ್ರವನ್ನು ಮೆಲ್ಲಗೆ ನನ್ನ ಕೈಗೇ ವಾಪಸು ಕೊಟ್ಟ.

ಸಭಾಪಾಲಕರು ನಗು ತಡೆದುಕೊಂಡು ಅವನ ಅರ್ಜಿ ಬರೆದರು. ಅಜ್ಜ ಹೋದ ಮೇಲೆ ನಾನು ಕೇಳಿದೆ, “ಇವರಿಗೆ ಯೇಸುವಿನ ಮಾತು ಯಾವಾಗ ಹೇಳ್ತೀರಿ?”

“ಅವರು ಕೇಳಿದಾಗರಿ.”

“ಕೇಳದಿದ್ರ?”

“ಅರ್ಜಿ ಬರದು ಕಳಸ್ತೇನ್ರಿ,” ಎಂದು ಪೆನ್ನಿನ ಮುಚ್ಚಳ ಹಾಕಿದರು.

ಆ ರಾತ್ರಿ ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡೆ: ‘ಗೋಕಾಕ. ಜನ ಒಳ್ಳೆಯವರು. ಪದ್ಧತಿ ನಿಧಾನ. ಬಹಳ ನಿಧಾನ.’

ಶುಕ್ರವಾರ ಬೆಳಿಗ್ಗೆ ಆಟೋದಲ್ಲಿ ಜಲಪಾತಕ್ಕೆ ಹೋದೆ. ಐದಾರು ಕಿಲೋಮೀಟರು. ಘಟಪ್ರಭೆ ಮೈತುಂಬಿ ಕೆಂಪಗೆ ಧುಮುಕುತ್ತಿದ್ದಳು. ಆ ಸದ್ದಿಗೆ ಎದೆ ನಡುಗಿತು, ತುಂತುರಿಗೆ ಕನ್ನಡಕ ಮಸುಕಾಯಿತು, ಕರಪತ್ರ ತೊಯ್ದಾವೆಂದು ಚೀಲವನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ. ಬಾಜೂಕ್ಕೆ ನಿಂತಿದ್ದ ಹೆಣ್ಣುಮಗಳೊಬ್ಬಳು, “ಚೀಲದಾಗ ಬಂಗಾರ ಐತೇನ್ರಿ?” ಎಂದು ಚಾಷ್ಟಿ ಮಾಡಿದಳು. ಹೌದು ಎಂದೆ. ಆವತ್ತು ನಾನು ಹಾಗೆಯೇ ನಂಬಿದ್ದೆ.

ಗೋಕಾಕ ಪೇಟೆಗೆ ಮರಳಿ, ಮೂಡಲಗಿಯಲ್ಲಿ ಉಳಿದುಕೊಳ್ಳುವ ಮನೆಗೆಂದು ಕರದಂಟಿನ ಎರಡು ಪೊಟ್ಟಣ ಕಟ್ಟಿಸಿಕೊಂಡು, ಮಧ್ಯಾಹ್ನದ ಬಸ್ಸು ಹಿಡಿದೆ. ನಾಗನೂರ ದಾಟುವವರೆಗೂ ಎರಡೂ ಕಡೆ ಕಬ್ಬು, ನಡುನಡುವೆ ಗೋವಿನಜೋಳ. ತಾಸಿನೊಳಗೆ ಮೂಡಲಗಿ.

ಅಲ್ಲಿ ನನ್ನನ್ನು ಉಳಿಸಿಕೊಳ್ಳಬೇಕಾದವರು ಶಾಂತವ್ವ. ಹೊಲಿಗೆ ಕೆಲಸದ ಹೆಣ್ಣುಮಗಳು, ಐವತ್ತರ ಆಸುಪಾಸು. ಅಲ್ಲಿನ ಸಭೆ ಎಂದರೆ ಒಂಬತ್ತು ಮನೆ, ಅವರ ಹಿತ್ತಲಿನ ತಗಡು ಹೊದಿಸಿದ ಒಂದು ಕೋಣೆ. ನಾನು ಹೋದಾಗ ಅವರು ಒಲೆಯ ಮುಂದೆ ಬೆವರಿಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದರು.

“ಬರ್ರಿ ಅಕ್ಕೋರ. ಕೈಕಾಲ ತೊಳಕೊಂಡು ನೀವೂ ಒಂದೀಟು ಕೈಹಚ್ಚರಿ. ಗಂಗಕ್ಕನ ಮನಿಗೆ ಬುತ್ತಿ ಒಯ್ಯೂದೈತಿ.”

ನಾಲ್ಕು ಮನೆಯಾಚೆಯ ಗಂಗವ್ವ ಬಸವಣ್ಣನವರನ್ನು ನಂಬಿದ ಒಕ್ಕಲುತನದ ಮನೆತನದವರು. ಅವರ ಯಜಮಾನರಿಗೆ ಹಿಂದಿನ ದಿನವಷ್ಟೇ ಮಣ್ಣು ಕೊಟ್ಟಿದ್ದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು ಸರದಿಯಂತೆ ರೊಟ್ಟಿ, ಬ್ಯಾಳಿ, ಪಲ್ಯ ಬುಟ್ಟಿಯಲ್ಲಿಟ್ಟು ಒಯ್ಯುತ್ತಾರೆ. ಆ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಶಾಂತವ್ವ ಬುತ್ತಿ ಒಯ್ಯಲು ಹಿಡಿದು ಹನ್ನೊಂದು ವರ್ಷವಾಗಿತ್ತು.

“ಗಂಗಕ್ಕನ ಅತ್ತಿ ಸತ್ತಾಗ ಮೊದಲನೇ ಸಲ ಒಯ್ದಿದ್ದೆರಿ. ನಮ್ಮ ಮನಿ ರೊಟ್ಟಿ ಅಂತ ಎಮ್ಮಿಗೆ ಹಾಕಿದ್ರು,” ಎಂದು ಶಾಂತವ್ವ ರೊಟ್ಟಿ ತಿರುವಿ ಹಾಕಿದರು. “ಅದ ಮನಿಗೆ ಎರಡನೇ ಸಲ ಒಯ್ದಾಗ ಇಟ್ಟಕೊಂಡ್ರು, ಉಂಡ್ರೋ ಇಲ್ಲೋ ಗೊತ್ತಿಲ್ಲ. ಮೂರನೇ ಸಲ ನನ್ನ ಮುಂದ ಕುಂತು ಉಂಡ್ರು. ಆವತ್ತ ನಾ ಮನಿಗೆ ಬಂದು ಅತ್ತೇನಿ.”

“ಮತ್ತೆ ಅಲ್ಲಿ ಪ್ರಾರ್ಥನೆ?”

“ಅವರು ಕೇಳಿದ್ರ ಮಾಡೂದು. ಇನ್ನಾ ಕೇಳಿಲ್ಲ.”

ಹನ್ನೊಂದು ವರ್ಷ! ನನ್ನ ತಲೆ ಗಿರ್ ಎಂದಿತು. ಇಂಥ ತೆರೆದ ಬಾಗಿಲು ಇಟ್ಟುಕೊಂಡು ಒಂದು ಮಾತೂ ಆಡದೆ ಬರುವುದೇ? ಶಾಂತವ್ವ ಸೀರೆ ಬದಲಿಸಲು ಒಳಗೆ ಹೋದರು. ಬುಟ್ಟಿ ನನ್ನ ಮುಂದೆಯೇ ಇತ್ತು. ನಾನು ಬಿಳಿ ಅರಿವೆಯನ್ನು ಎತ್ತಿ, ಬಿಸಿ ರೊಟ್ಟಿಯ ಮೇಲೆ ಒಂದು ಕರಪತ್ರ ಇಟ್ಟು, ಮತ್ತೆ ಮುಚ್ಚಿದೆ. ಪರೀಕ್ಷೆಯಲ್ಲಿ ಕಷ್ಟದ ಲೆಕ್ಕ ಬಿಡಿಸಿದವಳ ಹಾಗೆ ಬೀಗಿದೆ.

ಗಂಗವ್ವನ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಕೂತಿದ್ದರು. ಶಾಂತವ್ವ ಬುಟ್ಟಿ ಇಳಿಸಿ, ಗಂಗವ್ವನ ಪಕ್ಕದಲ್ಲಿ ಅರ್ಧ ತಾಸು ಸುಮ್ಮನೆ ಕೂತು, ಎದ್ದು ಬಂದರು.

ಮನೆಗೆ ಬಂದು ಚಹಾ ಕುಡಿಯುತ್ತಿದ್ದಾಗ ಗಂಗವ್ವನ ಸೊಸೆ ಸಾವಿತ್ರಿ ಬಾಗಿಲಿಗೆ ಬಂದಳು. ಬುಟ್ಟಿಯಲ್ಲಿ ರೊಟ್ಟಿ ಇದ್ದ ಹಾಗೇ ಇತ್ತು. ಅದರ ಮೇಲೆ ನನ್ನ ಕರಪತ್ರ.

“ಶಾಂತಕ್ಕ, ಇಷ್ಟ ವರ್ಷ ನೀ ರೊಟ್ಟಿ ತಂದದ್ದು ಇದರ ಸಲುವಾಗೇನು?” ಎಂದಳು. “ನಿನ್ನೆ ಮಾವನ್ನ ಮಣ್ಣಾಗಿಟ್ಟು ಬಂದೇವಿ. ನಮಗ ಶುಭವಾರ್ತಿ ಅಂತ!”

ಶಾಂತವ್ವ ಕರಪತ್ರ ನೋಡಿದರು. ಆಮೇಲೆ ನನ್ನ ಚೀಲ ನೋಡಿದರು. ನನ್ನ ಮುಖ ಮಾತ್ರ ನೋಡಲಿಲ್ಲ. “ತಪ್ಪಾತವ್ವಾ,” ಎಂದಷ್ಟೇ ಅಂದು ಬುಟ್ಟಿ ಇಸಿದುಕೊಂಡರು. ಇಟ್ಟವಳು ನಾನು ಎಂದು ಆಗಲೇ ಹೇಳಬಹುದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಬೋರ್ಡಿನ ಮೇಲೆ ಬರೆದ ನಾನು ಚಹಾದ ಕಪ್ಪು ಹಿಡಿದುಕೊಂಡು ಸುಮ್ಮನಿದ್ದೆ.

ಸಾವಿತ್ರಿ ಹೋದ ಮೇಲಾದರೂ ಶಾಂತವ್ವ ಬಯ್ಯಬಾರದಿತ್ತೇ? ಬಯ್ಯಲಿಲ್ಲ. ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತರು. ಯಂತ್ರ ತಿರುಗಲಿಲ್ಲ. “ಇನ್ನ ಈ ಓಣ್ಯಾಗ ಯಾವ ಮನಿ ಬಾಗಲಾನೂ ನನಗ ಮೊದಲಿನಂಗ ತೆರಿಯೂದಿಲ್ರಿ ಅಕ್ಕೋರ,” ಎಂದರು. “ಆಸೆ ಹಚ್ಚಾಕ ರೊಟ್ಟಿ ತರತಿದ್ಲು ಅಂತಾರ. ನಾ ಹಂಗ ತಂದಿಲ್ರಿ. ಖರೆ ಹೇಳತೇನಿ, ಹಂಗ ತಂದಿಲ್ಲ.”

ಒಂದೇ ಹಾಳೆಯಿಂದ ಹನ್ನೊಂದು ವರ್ಷದ ರೊಟ್ಟಿಯನ್ನು ಗಾಳದ ಹುಳು ಮಾಡಿಟ್ಟಿದ್ದೆ.

ಶನಿವಾರ ಬೆಳಗಾದದ್ದೇ ತಡ, ಶಾಂತವ್ವ ಬೇಡವೆಂದರೂ ಕೇಳದೆ, ಒಬ್ಬಳೇ ಗಂಗವ್ವನ ಮನೆಗೆ ಹೋದೆ. ಅದೇ ಪಡಸಾಲೆ, ಅದೇ ಹೆಣ್ಣುಮಕ್ಕಳು. ಕೂರುವ ಮೊದಲೇ ಹೇಳಿದೆ. “ಚೀಟಿ ಇಟ್ಟಾಕಿ ನಾನ್ರಿ. ಶಾಂತವ್ವಗ ಗೊತ್ತ ಇರಲಿಲ್ಲ. ನಿನ್ನೆನ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ. ಬಯ್ಯೂದಿದ್ರ ನನಗ ಬಯ್ರಿ.”

ಸಾವಿತ್ರಿ ಗೋಡೆ ನೋಡುತ್ತಿದ್ದಳು. ಗಂಗವ್ವ, “ಬರದಾಕಿನೂ ನೀವೇನ್ರಿ?” ಎಂದರು.

“ಹೌದ್ರಿ.”

“ಹಂಗಾರ ಓದ್ರಿ. ಕೇಳೂಣು.”

ಅವರ ಮುಂದೆ ನಿಂತು ಓದಿದೆ. ಗೋಕಾಕದಲ್ಲಿ ಏರಿಳಿತ ಕೊಟ್ಟು ಓದಿದ ಸಾಲುಗಳು ಅಲ್ಲಿ ನನ್ನ ನಾಲಗೆಗೆ ಮರದ ಪುಡಿಯಂತೆ ಹತ್ತಿದವು. ಆದರೂ ಒಂದಕ್ಷರ ಬಿಡದೆ ಕೊನೆ ಮುಟ್ಟಿಸಿದೆ.

“ಚಂದ ಬರದೀರಿ,” ಎಂದರು ಗಂಗವ್ವ. “ನಮ್ಮ ಯಜಮಾನ್ರ ಹೆಸರು ಇದರಾಗ ಎಲ್ಲೂ ಬರಲಿಲ್ಲಲ್ರಿ?”

ಹೇಗೆ ಬರಬೇಕು? ಐನೂರು ಮನೆಗೆ ಒಂದೇ ಹಾಳೆ. “ಅವರ ಹೆಸರು ಏನ್ರಿ?” ಎಂದು ಕೇಳಿದೆ. ಕೇಳಿದ ಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡೆ. ಆ ಕಡೆ ಹಿರಿಯ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಒತ್ತಾಯ ಮಾಡಿದರೆ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಹೇಳಿ ನಾಚಿಕೊಳ್ಳುತ್ತಾರೆ, ಅಷ್ಟೇ.

ಗಂಗವ್ವ ಸೆರಗು ಸರಿ ಮಾಡಿಕೊಂಡರು. “ಈರಪ್ಪ,” ಎಂದರು. ಒಡಪಿಲ್ಲ, ಏನಿಲ್ಲ. ಕೂತಿದ್ದ ಹೆಣ್ಣುಮಕ್ಕಳೆಲ್ಲ ತಲೆ ಎತ್ತಿ ನೋಡಿದರು. “ಈರಪ್ಪ ಅಂತ್ರಿ. ಹೆಂಗೂ ಇನ್ನ ಕರದ್ರ ಓ ಅನ್ನಂಗಿಲ್ಲ.”

ನಾನು ಅಲ್ಲೇ ನೆಲಕ್ಕೆ ಕೂತೆ. ಗಂಗವ್ವ ಹೇಳುತ್ತ ಹೋದರು. ಈರಪ್ಪನವರು ಕಬ್ಬಿಗೆ ನೀರು ಹಾಯಿಸಿ ಬಂದು ಕಾಲು ತೊಳೆಯುವ ಮೊದಲು ಎಮ್ಮೆಯನ್ನು ಮಾತಾಡಿಸುತ್ತಿದ್ದರಂತೆ. ಉಪ್ಪು ಹೆಚ್ಚಾದರೂ ಊಟ ಬೇಡ ಎಂದವರಲ್ಲವಂತೆ. ಮೊದಲ ಬುತ್ತಿಯನ್ನು ಎಮ್ಮೆಗೆ ಹಾಕಿದ್ದಕ್ಕೆ ಮನೆಯಲ್ಲಿ ರೇಗಿದವರೂ, ಮೂರನೆಯ ಸಲ ಎಲ್ಲರಿಗಿಂತ ಮೊದಲು ರೊಟ್ಟಿ ಮುರಿದವರೂ ಅವರೇ ಅಂತೆ. ಅದನ್ನು ಹೇಳುವಾಗ ಗಂಗವ್ವನ ದನಿ ಒಡೆಯಿತು. ನಾನು ಅತ್ತೆ. ಅಳಬಾರದೆಂದುಕೊಂಡಿದ್ದೆ, ಆಗಲಿಲ್ಲ.

ಬಿಸಿಲೇರಿದ ಮೇಲೆ ಗಂಗವ್ವ, “ಶಾಂತಿ ಯಾಕ ಬಂದಿಲ್ಲ? ಕರೀರಿ ಆಕಿನ್ನ. ಬುತ್ತಿ ತಗೊಂಡ ಬರಲಿ,” ಎಂದರು.

ಓಡಿದೆ! ಅರವತ್ತೊಂದರ ಮೊಣಕಾಲು ಮರೆತು ಓಣಿಯುದ್ದಕ್ಕೂ ಓಡಿದೆ. ಇಬ್ಬರೂ ಸೇರಿ ರೊಟ್ಟಿ ಬಡಿದೆವು. ನನ್ನವು ಮೂಲೆಮೂಲೆಗೆ ಹರಿದಿದ್ದವು, ಇರಲಿ ಎಂದರು ಶಾಂತವ್ವ. ಬುತ್ತಿ ಒಯ್ದು ಇಳಿಸಿದಾಗ ಗಂಗವ್ವ ಮೊದಲ ತುತ್ತು ಉಂಡು, ಕೈ ತೊಳೆಯದೆಯೇ, “ಶಾಂತಿ, ನಿಮ್ಮ ದೇವರಿಗೆ ಇವರ ಹೆಸರ ಒಂದೀಟ ಹೇಳವಾ,” ಎಂದರು.

ಶಾಂತವ್ವ ಕಣ್ಣು ಮುಚ್ಚಿದರು. “ಯೇಸುಸ್ವಾಮಿ, ಈರಪ್ಪಣ್ಣ ನನ್ನ ರೊಟ್ಟಿ ಉಂಡಾನ. ಗಂಗಕ್ಕನ ಕೈ ಬಿಡಬ್ಯಾಡ.” ಪ್ರಾರ್ಥನೆ ಅಷ್ಟೇ. ಹನ್ನೊಂದು ವರ್ಷದಲ್ಲಿ ಮೊದಲನೆಯದು. ಸಾವಿತ್ರಿ ಆಗಲೂ ನನ್ನ ಕಡೆ ನೋಡಲಿಲ್ಲ, ಆದರೆ ನನ್ನ ಹರಿದ ರೊಟ್ಟಿಯಲ್ಲಿ ಒಂದನ್ನು ಎತ್ತಿಕೊಂಡಳು.

ಸಂಜೆ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಸೇರಿದೆ. ದಾರಿಯಲ್ಲಿ ಏನು ಕಂಡೆನೋ ಗೊತ್ತಿಲ್ಲ. ತಲೆಯಲ್ಲಿ ಎರಡೇ ಸಾಲಿನ ಆ ಪ್ರಾರ್ಥನೆ ಸುತ್ತುತ್ತಿತ್ತು. ರವಿವಾರದ ಆರಾಧನೆಯಲ್ಲಿ ಕರಪತ್ರದ ಮಹತ್ವದ ಬಗ್ಗೆ ನಾನು ಮಾತಾಡುವುದೆಂದು ಮೊದಲೇ ನಿಗದಿಯಾಗಿತ್ತು. ಎದ್ದು ನಿಂತು ಮೂಡಲಗಿಯಲ್ಲಿ ಮಾಡಿದ ತಪ್ಪನ್ನೇ ಹೇಳಿದೆ. ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ನನ್ನ ಚೀಲ ನೋಡಿ, “ಹಂಗಾರ ಅವನ್ನೆಲ್ಲಾ ಏನ ಮಾಡ್ತೀರಿ?” ಎಂದು ಕೇಳಿದರು. ಹಿಂದಿನ ಬದಿ ಖಾಲಿ ಐತ್ರಿ ಎಂದೆ. ಆ ಸಭೆಯ ಪಕ್ಕದ ಸಾಲೆಯ ಮಕ್ಕಳು ಸಂಜೆ ಪಾಠಕ್ಕೆ ಅಲ್ಲಿಗೆ ಬರುತ್ತಾರೆ. ಕಚ್ಚಾ ಲೆಕ್ಕಕ್ಕೆ ಆದಾವು ಎಂದು ಕರಪತ್ರವನ್ನೆಲ್ಲ ಅಲ್ಲೇ ಬಿಟ್ಟೆ.

ಹತ್ತರಗಿಯಲ್ಲಿ ಹೆದ್ದಾರಿ ಸೇರಿದ ಬಸ್ಸು ಬೆಳಗಾವಿಗೆ ಹಾರಿತು. ಹಗುರವಾದ ಚೀಲ ತೊಡೆಯ ಮೇಲಿತ್ತು. ಸಮಿತಿಗೆ ನೇರವಾಗಿ ಹೋದೆ. “ಎಷ್ಟು ಜನರಿಗೆ ಕೊಟ್ರಿ?” ಎಂದರು ಅಧ್ಯಕ್ಷರು. ಕೊಟ್ಟವೆಲ್ಲ ತಿರುಗಿ ನನ್ನ ಕೈಗೇ ಬಂದವು ಎಂದು ಹೇಳುತ್ತಿದ್ದಂತೆ ಮಾತು ನಿಂತುಹೋಯಿತು. ಎಲ್ಲವೂ ಬಂದಿರಲಿಲ್ಲ. ಒಂದು ಬಾಕಿ ಇತ್ತು.

ಸೋಮವಾರ ನಸುಕಿಗೆ ಎದ್ದು ಹಿಟ್ಟು ನಾದಿದೆ. ಈ ಸಲ ಎರಡು ರೊಟ್ಟಿ ದುಂಡಗೂ ಬಂದವು. ಬಿಳಿ ಅರಿವೆ ಮುಚ್ಚಿ ಎದುರು ಮನೆಯ ಬಾಗಿಲು ಬಡಿದೆ. ಬಾಗಿಲು ಒಂದು ಗೇಣು ತೆರೆಯಿತು. ಚಿಲಕದ ಸರಪಳಿಯ ಹಿಂದೆ ಆ ಮನೆಯಾಕೆ. ನನ್ನನ್ನು ನೋಡಿ, ಅರಿವೆ ನೋಡಿ, “ಚೀಟಿ ಹಾಕಿ ಹೋದವರು ನೀವೇ ಅಲ್ರಿ?” ಎಂದರು.

“ನಾನ್ರಿ. ತಪ್ಪಾತು. ಒಂದು ತಿಂಗಳ ಹಿಂದ ರೊಟ್ಟಿ ತರಬೇಕಿತ್ತು, ಈಗ ತಂದೇನಿ. ಒಳಗ ಚೀಟಿ ಇಲ್ರಿ, ಬೇಕಾದ್ರ ಅರಿವಿ ತಗದು ನೋಡ್ರಿ,” ಎಂದೆ. “ಹನ್ನೆರಡು ವರ್ಷ ಎದುರು ಬದುರು ಇದ್ದೇವಿ. ನಿಮ್ಮ ಯಜಮಾನ್ರ ಹೆಸರು ನನಗ ಗೊತ್ತಿಲ್ಲ.”

ಅವರು ಅರಿವೆ ತೆಗೆದು ನೋಡಲಿಲ್ಲ. ಸರಪಳಿ ತೆಗೆದರು.