ಈ ಖುಷಿ ನಂದಲ್ಲ

ಹಾಡುತ್ತ ರೊಟ್ಟಿ ಬಡಿಯುತ್ತಿದ್ದ ತಂಗಿಯ ಮಗಳು ಒಮ್ಮೆಲೇ ಕೈ ನಿಲ್ಲಿಸಿದಳು. ಒಂಬತ್ತನೇ ತರಗತಿಯ ಹುಡುಗಿ. ಬೈಪೋಲಾರ್ ಕಾಯಿಲೆ, ಮನಸ್ಸು ಕೆಲವೊಮ್ಮೆ ಕುಸಿಯುತ್ತದೆ, ಕೆಲವೊಮ್ಮೆ ಮಿತಿಮೀರಿ ಹಿಗ್ಗುತ್ತದೆ. ದಿನವೂ ಗುಳಿಗೆ. ಗಿಣಿಗೇರಾದ ತಂಗಿಯ ಮನೆಗೆ ನಾನು ಹೋದಾಗಿನಿಂದ ಅವಳ ನಗು, ಮಾತು, ಓಡಾಟ ಕಂಡು, ಈ ಸಲ ಪೂರ್ತಿ ಆರಾಮಾಗಿದ್ದಾಳೆ ಎಂದು ನಂಬಿಬಿಟ್ಟಿದ್ದೆ.

ಹಿಟ್ಟು ಮೆತ್ತಿದ ಕೈಯಲ್ಲೇ ತಾಯಿಯತ್ತ ತಿರುಗಿ ಅಂದಳು: "ಅವ್ವಾ, ರಾತ್ರಿ ನಿದ್ದಿನ ಬಂದಿಲ್ಲ, ಆದ್ರೂ ದಣಿವಿಲ್ಲ. ಈ ಖುಷಿ ನಂದಲ್ಲ, ಬ್ಯಾನೀದು. ಡಾಕ್ಟರಿಗೆ ಫೋನ್ ಹಚ್ಚಿ ಗುಳಿಗಿ ಬದಲ್ ಮಾಡಬೇಕೇನು ಕೇಳು."

ಡಾಕ್ಟರು ಕೂಡಲೇ ಕರೆತರಲು ಹೇಳಿದರು.

ತಾಯಿ ಮಗಳು ಕೊಪ್ಪಳದ ಬಸ್ ಹತ್ತಿದ ಮೇಲೆ ಉಳಿದ ರೊಟ್ಟಿ ನಾನೇ ಬಡಿದೆ. ಅಷ್ಟು ಖುಷಿ ನನಗೆ ಬಂದಿದ್ದರೆ, ಈ ವಯಸ್ಸಿನಲ್ಲೂ ಯಾರಿಗೂ ಹೇಳದೆ ಬಚ್ಚಿಟ್ಟುಕೊಳ್ಳುತ್ತಿದ್ದೆ.