ಬೆನ್ನ ಹಿಂದೆ ಕೂತು ಕೇಳಿಸಿಕೊಳ್ಳುವ ಜಡೆಯಕ್ಕ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ವಸತಿಶಾಲೆಯ ಮೊದಲ ಮಹಡಿಯ ಉದ್ದನೆಯ ವರಾಂಡದಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಮರದ ಸ್ಟೂಲು, ಸ್ಟೂಲಿನ ಮುಂದೆ ನೆಲದ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದ ಹಳೆಯ ಕಂಬಳಿ. ಸ್ಟೂಲಿನ ಮೇಲೆ ಕೂತ ಹೆಂಗಸು ಎರಡು ಬಾಚಣಿಗೆಗಳನ್ನು ಟವೆಲ್ಲಿಗೆ ಒರೆಸಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಕೋಣೆಗಳ ಬಾಗಿಲು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಒಂದು ಕೈಯಲ್ಲಿ ರಿಬ್ಬನ್, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದ ಹುಡುಗಿಯರು ನಿದ್ದೆಗಣ್ಣಲ್ಲೇ ಬಂದು ಗೋಡೆಗೆ ಒರಗಿ ಸಾಲು ನಿಲ್ಲುತ್ತಾರೆ.

ಮೊದಲನೆಯವಳು ಕಂಬಳಿಯ ಮೇಲೆ ಕೂತದ್ದೇ ಪುಸ್ತಕ ಬಿಡಿಸುತ್ತಾಳೆ. ಹಿಂದಿನಿಂದ ಒಂದು ಕೈ ಬಂದು ಅದನ್ನು ಮುಚ್ಚುತ್ತದೆ.

"ಇಲ್ಲಿ ಓದೋ ಹಾಗಿಲ್ಲ. ಇದು ನನ್ನ ಟೈಮು. ಭುಜ ಎಲ್ಲಿಗೆ ಹೋಗಿದೆ ನೋಡು, ಕಿವೀಲಿ ಗುಟ್ಟು ಹೇಳೋ ಹಾಗಿದೆ. ಇಳಿಸು ಮರಿ, ಕೆಳಗಿಳಿಸು."

ಹುಡುಗಿ ಕಿಸಕ್ಕನೆ ನಗುತ್ತಾಳೆ. ಭುಜ ಇಳಿಯುತ್ತದೆ. ಬಾಚಣಿಗೆ ಕೂದಲಿಗೆ ಇಳಿಯುವುದು ಆಮೇಲೆ.

ಇವರನ್ನು ಇಡೀ ಹಾಸ್ಟೆಲ್ ಕರೆಯುವುದು ಜಡೆಯಕ್ಕ ಎಂದು. ವಯಸ್ಸು ಐವತ್ತರ ಹತ್ತಿರ. ಅವರ ಸ್ವಂತ ಕೂದಲು ಒಂದು ಹಿಡಿಯೂ ಇಲ್ಲ. "ಇರೋದನ್ನೆಲ್ಲ ಇವರಿಗೇ ಹಂಚಿಬಿಟ್ಟೆ" ಎಂದು ತಾವೇ ತಮಾಷೆ ಮಾಡಿಕೊಳ್ಳುತ್ತಾರೆ. ಹನ್ನೊಂದು ವರ್ಷಗಳಿಂದ ಅವರ ಕೆಲಸ ಇಷ್ಟೇ: ಪ್ರೌಢಶಾಲೆಗೆ ಹೊಸದಾಗಿ ಸೇರಿದ ಎಂಟನೇ ತರಗತಿಯ ಹುಡುಗಿಯರಿಗೆ ದಿನಾ ಬೆಳಿಗ್ಗೆ ತಲೆ ಬಾಚಿ ಎರಡೆರಡು ಜಡೆ ಹಾಕುವುದು. ಮೇಲಿನ ತರಗತಿಯವರು ತಮ್ಮ ಜಡೆ ತಾವೇ ಹಾಕಿಕೊಳ್ಳುತ್ತಾರೆ. ಹೊಸಬರಿಗೆ ಅದು ಬರುವುದಿಲ್ಲ. ಮೊನ್ನೆ ಮೊನ್ನೆಯವರೆಗೆ ಅಮ್ಮನ ಮುಂದೆ ಕೂತು ತಲೆ ಒಡ್ಡಿದವರು ಅವರು.

ಈ ವರ್ಷ ಮೂವತ್ತೊಂದು ತಲೆ, ಅರವತ್ತೆರಡು ಜಡೆ. ಐದರಿಂದ ಏಳರವರೆಗೆ ಸಮಯ. ತಲೆಗೆ ನಾಲ್ಕು ನಿಮಿಷವೂ ಪೂರ್ತಿ ಸಿಗುವುದಿಲ್ಲ.

ಆ ನಾಲ್ಕು ನಿಮಿಷದಲ್ಲಿ ಏನಾಗುತ್ತದೆ ಎಂದು ನೋಡಿ ಬರೆಯಲು ಒಂದು ಗುರುವಾರ ಹೋಗಿದ್ದೆ. ಸಾಲಿನ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಒಬ್ಬಳು ವಿಜ್ಞಾನದ ಮೇಷ್ಟ್ರು ಬೋರ್ಡು ಒರೆಸುವ ವೇಗದ ಬಗ್ಗೆ ದೂರು ಹೇಳುತ್ತಾಳೆ. ಒಬ್ಬಳು ಏನೂ ಹೇಳದೆ ಅಳುತ್ತಾ ಮೂಗು ಸೇದುತ್ತಾ ಕೂತಿರುತ್ತಾಳೆ. ಜಡೆಯಕ್ಕ ಅವಳ ಮುಗಿದ ಜಡೆಯನ್ನು ಬಿಚ್ಚಿ, "ಸೊಟ್ಟ ಆಯ್ತು ಕಣೇ, ತಾಳು" ಎಂದು ಮತ್ತೆ ಮೊದಲಿಂದ ಹಾಕುತ್ತಾರೆ. ಜಡೆ ನೆಟ್ಟಗೇ ಇತ್ತು, ನಾನೇ ನೋಡಿದ್ದೆ. ಅಳು ನಿಲ್ಲುವುದಕ್ಕೆ ಇನ್ನೆರಡು ನಿಮಿಷ ಬೇಕಿತ್ತು, ಅಷ್ಟೇ.

"ನಾನು ಹಿಂದೆ ಕೂತಿರ್ತೀನಲ್ಲ, ನನ್ನ ಮುಖ ಅವಕ್ಕೆ ಕಾಣಲ್ಲ. ಅದಕ್ಕೇ ಮಾತಾಡ್ತಾವೆ. ಎದುರು ಕೂರಿಸ್ಕೊಂಡು ಏನಾಯ್ತಮ್ಮ ಅಂತ ಕೇಳಿ ನೋಡಿ, ಏನಿಲ್ಲ ಅಂತಾವೆ."

ಹನ್ನೊಂದು ವರ್ಷದ ಕೇಳಿಸಿಕೊಳ್ಳುವಿಕೆಯಿಂದ ಅವರು ಕಂಡುಕೊಂಡ ಒಂದು ಲೆಕ್ಕವಿದೆ. ಅದನ್ನು ನಾನು ಯಾವ ಶಿಕ್ಷಣ ತಜ್ಞರ ಬಾಯಲ್ಲೂ ಕೇಳಿಲ್ಲ. "ಇಲ್ಲಿ ಬರೋ ಪ್ರತಿಯೊಂದು ಹುಡುಗೀನೂ ತನ್ನ ಹಳೇ ಸ್ಕೂಲಲ್ಲಿ ಫಸ್ಟು. ಇಲ್ಲಿ ಮೂವತ್ತೊಂದು ಫಸ್ಟುಗಳು ಒಂದೇ ಕ್ಲಾಸಲ್ಲಿ ಕೂತಿವೆ. ಸೋಮವಾರ ರ‍್ಯಾಂಕ್ ಲಿಸ್ಟ್ ಅಂಟಿಸ್ತಾರೆ. ಮೂವತ್ತು ಹುಡುಗೀರು ಆವತ್ತು ಮೊದಲನೇ ಸಲ ಸೋಲ್ತಾರೆ. ಮನೆಗೆ ಫೋನ್ ಮಾಡಿದ್ರೆ ಅಪ್ಪ, ಯಾಕೆ, ಏನಾಯ್ತು ನಿಂಗೆ ಅಂತಾನೆ. ಏನೂ ಆಗಿಲ್ಲ ಸಾರ್, ಸ್ಕೂಲು ಬದಲಾಗಿದೆ ಅಷ್ಟೇ. ಅದನ್ನ ಆ ಮಗು ಹೇಗೆ ಹೇಳುತ್ತೆ?"

ಜಡೆಯಕ್ಕ ಓದಿದ್ದು ಐದನೆಯ ತರಗತಿವರೆಗೆ. ಅದರ ನಂತರ ಕಂಬಳಿ ನೇಯುವ ಕಾರ್ಖಾನೆಯಲ್ಲಿ ಕಡಿದುಹೋದ ನೂಲಿನ ತುದಿಗಳನ್ನು ಗಂಟು ಹಾಕುವ ಕೆಲಸ. ಬೆರಳು ಚುರುಕಾದದ್ದು ಅಲ್ಲಿ. ಕಾರ್ಖಾನೆ ಮುಚ್ಚಿತು. ಮೂಟೆ ಹೊರುತ್ತಿದ್ದ ಗಂಡನ ಸೊಂಟ ಬಿದ್ದುಹೋಯಿತು. ಒಬ್ಬಳೇ ಮಗಳು ಒಂಬತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟಳು. ಈಗ ಅವಳಿಗೆ ಇಪ್ಪತ್ತೇಳು. ಬಲ್ಬು ಪೆಟ್ಟಿಗೆಗೆ ತುಂಬುವ ಕಡೆ ಕೆಲಸಕ್ಕೆ ಹೋಗುತ್ತಾಳೆ, ಬಂದು ಊಟ ಮಾಡಿ ಮಲಗುತ್ತಾಳೆ, ತಾಯಿಯ ಜೊತೆ ಬೇಕಾದಷ್ಟೇ ಮಾತು.

"ಅವಳ ಮಾರ್ಕ್ಸ್ ಕಾರ್ಡು ಕೈಯಲ್ಲಿ ಹಿಡ್ಕೊಂಡು ನಾನೇ ಹೊಡ್ದೆ. ನೀನು ಯಾವ ಕೆಲಸಕ್ಕೂ ಬಾರದವಳು ಅಂದೆ. ಅವಳೇನೂ ಅಳಲಿಲ್ಲ. ಹೌದಮ್ಮ ಅಂದ್ಲು." ಜಡೆಯಕ್ಕ ಬಾಚಣಿಗೆಗೆ ಸುತ್ತಿಕೊಂಡ ಕೂದಲನ್ನು ಬಿಡಿಸಿ ಕಾಗದದಲ್ಲಿ ಸುತ್ತುತ್ತಾರೆ. "ಆಮೇಲೆ ಇಲ್ಲಿಗೆ ಬಂದೆ. ಇಲ್ಲಿನ ಮಕ್ಕಳ ಬಾಯಲ್ಲಿ ಕೇಳಿದ ಮೇಲೆ ನನಗೆ ಗೊತ್ತಾಯ್ತು, ನಮ್ಮ ಮನೇಲಿ ಏನು ನಡೆದಿತ್ತು ಅಂತ. ತಡ ಆಗಿತ್ತು."

ಆ ಗುರುವಾರ ಅವರ ಕೆಲಸದ ಕೊನೆಯ ಗುರುವಾರ. ಮೆಟ್ಟಿಲ ಬಳಿ ನೋಟೀಸು ಅಂಟಿಸಿಯಾಗಿತ್ತು: ಬರುವ ಭಾನುವಾರ ಎಂಟನೇ ತರಗತಿಯ ಎಲ್ಲ ವಿದ್ಯಾರ್ಥಿನಿಯರ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಲಾಗುವುದು, ಇದರಿಂದ ಉಳಿಯುವ ಬೆಳಗಿನ ಸಮಯವನ್ನು ಪುನರಾವರ್ತನೆಗೆ ಬಳಸಲಾಗುವುದು.

ಈ ನೋಟೀಸಿಗೆ ಕಾರಣ ಯಾರೆಂದು ಕೇಳಿದೆ. "ನಾನೇ" ಎಂದರು.

ಕೊನೆಯ ಕೋಣೆಯ ಮೂಲೆಯ ಮಂಚದಲ್ಲಿ ಮಲಗುವ ಹುಡುಗಿ ಒಬ್ಬಳಿದ್ದಾಳೆ. ದಟ್ಟ ಕೂದಲು, ಸಾಲಿನಲ್ಲಿ ಯಾವಾಗಲೂ ಕೊನೆಯವಳು. ಶಾಲೆ ಶುರುವಾದ ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಜಡೆಯಕ್ಕನ ಬೆರಳಿಗೆ ಅವಳ ಬಲಗಿವಿಯ ಹಿಂದೆ ನಾಣ್ಯದಷ್ಟಗಲದ ನುಣ್ಣನೆಯ ಜಾಗ ಸಿಕ್ಕಿತು. ಹುಳುಕಡ್ಡಿ ಇರಬೇಕೆಂದುಕೊಂಡು ಮುಲಾಮು ತಂದು ಹಚ್ಚಿದರು. ವಾರ ಕಳೆದರೆ ಅದು ಎರಡರಷ್ಟಾಗಿತ್ತು. ಹುಡುಗಿ "ತಾನಾಗೇ ಉದುರುತ್ತೆ ಅಕ್ಕ" ಎಂದಳು. ಇನ್ನೊಂದು ದಿನ ಅವಳ ತೊಡೆಯ ಮೇಲಿದ್ದ ಗಣಿತದ ಪುಸ್ತಕವನ್ನು ಮುಚ್ಚಲು ಹೋದಾಗ ಪುಟಗಳ ನಡುವಿನಿಂದ ಕೂದಲೆಳೆಗಳು ಜಾರಿ ಬಿದ್ದವು. ಒಂದೆರಡಲ್ಲ, ಒಂದು ಹಿಡಿ.

ಆಗ ಹೇಳಿದಳಂತೆ. "ಲೆಕ್ಕ ಬರ್ದೇ ಹೋದ್ರೆ ಕೈ ತಾನೇ ಮೇಲೆ ಹೋಗುತ್ತೆ ಅಕ್ಕ. ಒಂದು ಕಿತ್ರೆ ಸ್ವಲ್ಪ ಹೊತ್ತು ಹಾಯ್ ಅನ್ಸುತ್ತೆ. ಆಮೇಲೆ ಇನ್ನೊಂದು. ಯಾರಿಗೂ ಹೇಳ್ಬೇಡಿ. ಪ್ಲೀಸ್ ಅಕ್ಕ."

"ಹೇಳಲ್ಲ" ಎಂದರು ಜಡೆಯಕ್ಕ.

ಆರು ವಾರ ಹೇಳಲಿಲ್ಲ. ಬೈತಲೆಯನ್ನು ಒಂದು ಬೆರಳಷ್ಟು ಎಡಕ್ಕೆ ಸರಿಸಿದರು. ಮೇಲಿನ ಕೂದಲನ್ನು ಕಿವಿಯ ಮೇಲಿಂದ ತಂದು ಬೋಳು ಜಾಗ ಮುಚ್ಚುವ ಹಾಗೆ ಜಡೆಯನ್ನು ಕೆಳಗಿನಿಂದ ಹೆಣೆದರು. ತರಗತಿಯಲ್ಲಿ ಒಬ್ಬರಿಗೂ ಸುಳಿವು ಸಿಗಲಿಲ್ಲ. ಮನೆಯಿಂದ ಒಂದು ಮಾರು ದಪ್ಪ ನೂಲು ತಂದುಕೊಟ್ಟು, ಕೈ ಮೇಲೆ ಹೋದಾಗ ಇದಕ್ಕೆ ಗಂಟು ಹಾಕು, ತುಂಬಿದ ಮೇಲೆ ಬಿಚ್ಚು ಎಂದರು. ಹುಡುಗಿ ಒಂಬತ್ತು ದಿನ ಹಾಗೇ ಮಾಡಿದಳು. ನುಣ್ಣನೆಯ ಜಾಗದಲ್ಲಿ ಮುಳ್ಳಿನಂತೆ ಸಣ್ಣ ಕೂದಲು ಚುಚ್ಚತೊಡಗಿತ್ತು. "ಆ ಚುಚ್ಚೋದು ಬೆರಳಿಗೆ ಸಿಕ್ಕಿದ ದಿನ ನಾನು ಮನೆಗೆ ಹೋಗಿ ಎರಡು ಲೋಟ ಕಾಫಿ ಕುಡ್ದೆ" ಎಂದು ಜಡೆಯಕ್ಕ ನಗುತ್ತಾರೆ.

ಹತ್ತನೆಯ ದಿನ, ಸಂಜೆಯ ಓದಿನ ಹೊತ್ತಿನಲ್ಲಿ, ಮೇಲ್ವಿಚಾರಣೆಗಿದ್ದ ಶಿಕ್ಷಕಿ ಆ ನೂಲನ್ನು ಕಿತ್ತುಕೊಂಡರು. "ಓದೋ ಟೈಮಲ್ಲಿ ಆಟ ಆಡ್ತಿದೀಯಾ? ರ‍್ಯಾಂಕ್ ಎಷ್ಟು ನಿಂದು?" ಇಪ್ಪತ್ತೊಂಬತ್ತು ಎಂದು ಎಲ್ಲರ ಮುಂದೆ ಹೇಳಬೇಕಾಯಿತು. ಆ ವಾರವೇ ಹಣೆಯ ಮೇಲ್ಗಡೆ ಎರಡನೆಯ ಬೋಳು ಕಾಣಿಸಿತು. ಅದನ್ನು ಯಾವ ಜಡೆಯಿಂದಲೂ ಮುಚ್ಚಲಾಗುವಂತಿರಲಿಲ್ಲ.

ಜಡೆಯಕ್ಕ ಎರಡು ದಿನ ಯೋಚಿಸಿ, ಮೂರನೆಯ ದಿನ ವಾರ್ಡನ್ ಕೋಣೆಯ ಬಾಗಿಲು ತಟ್ಟಿದರು.

ವಾರ್ಡನ್ ಕೆಟ್ಟವರೇನಲ್ಲ. ನೂರ ನಲವತ್ತು ಮಕ್ಕಳು, ಒಬ್ಬರೇ ವಾರ್ಡನ್. ಅವರು ಹುಡುಗಿಯನ್ನು ಕರೆಸಿ ನೋಡಿದರು, ಗಾಬರಿಯಾದರು, ಮನೆಗೆ ಫೋನ್ ಮಾಡಿದರು. ಡಾಕ್ಟರಿಗೆ ತೋರಿಸಬೇಕು ಎಂದಾಗ ತಾಯಿ, "ವರ್ಷದ ಪರೀಕ್ಷೆ ಮುಗೀಲಿ ಮೇಡಂ, ಈಗ ಕರ್ಕೊಂಡು ಬಂದ್ರೆ ಪಾಠ ತಪ್ಪುತ್ತೆ" ಎಂದರು. ವಾರ್ಡನ್ ಆಡಳಿತ ಮಂಡಳಿಗೆ ವರದಿ ಕೊಟ್ಟರು. ಸಭೆ ನಡೆಯಿತು. ಸಭೆಯಲ್ಲಿ ಯಾರೋ ಒಬ್ಬರು, ಕೂದಲಿದ್ದರೆ ತಾನೇ ಕೀಳುವುದು ಎಂದರಂತೆ. ಇನ್ನೊಬ್ಬರು, ಒಬ್ಬಳಿಗೆ ಮಾತ್ರ ಕತ್ತರಿಸಿದರೆ ಅವಳಿಗೆ ಅವಮಾನ, ಎಲ್ಲರಿಗೂ ಕತ್ತರಿಸೋಣ ಎಂದರಂತೆ. ಬೆಳಗಿನ ಎರಡು ಗಂಟೆ ಓದಿಗೆ ಸಿಗುತ್ತದೆ ಎಂಬ ಮಾತು ಬಂದ ಮೇಲೆ ಚರ್ಚೆಯೇ ಬೇಕಾಗಲಿಲ್ಲ. ಮೂವತ್ತೊಂದು ಮನೆಗಳಿಗೆ ಒಪ್ಪಿಗೆ ಪತ್ರ ಹೋಯಿತು. ಮೂವತ್ತೊಂದೂ ಸಹಿಯಾಗಿ ಬಂದವು.

ಈ ಬಗ್ಗೆ ಕೇಳಿದಾಗ ವಾರ್ಡನ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನಾನು ಕೇಳಿದ್ದು ಒಬ್ಬ ಆಪ್ತ ಸಲಹೆಗಾರರನ್ನ. ಕೊಟ್ಟಿದ್ದು ಕತ್ತರಿ. ಏನ್ ಬರ‍್ಕೋತೀರೋ ಬರ‍್ಕೊಳ್ಳಿ."

ಭಾನುವಾರ ಮತ್ತೆ ಹೋದೆ. ಊಟದ ಕೋಣೆಯ ಬೆಂಚುಗಳನ್ನು ಗೋಡೆಗೆ ಸರಿಸಿ ನಾಲ್ಕು ಕುರ್ಚಿ ಹಾಕಿದ್ದಾರೆ. ಕತ್ತರಿ ಹಿಡಿದ ನಾಲ್ವರು ಬಂದಿದ್ದಾರೆ. ಜಡೆಯಕ್ಕನಿಗೆ ಆವತ್ತು ಕೊಟ್ಟ ಕೆಲಸ ಜಡೆ ಬಿಚ್ಚುವುದು. ಬಾಗಿಲ ಬಳಿ ನಿಂತು ಒಬ್ಬೊಬ್ಬಳದೇ ಬಿಚ್ಚಿ, ಬಾಚಿ, ಒಳಗೆ ಕಳಿಸುತ್ತಾರೆ. ಮೊದಮೊದಲು ಹುಡುಗಿಯರಿಗೆ ಮಜವಾಗಿದೆ. ತಲೆ ಹಗುರವಾಯಿತೆಂದು ಒಬ್ಬಳು ಕುಣಿಯುತ್ತಾಳೆ. ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡ ಮೇಲೆ ಸುಮ್ಮನಾಗುತ್ತಾಳೆ. ಹನ್ನೆರಡನೆಯವಳ ಹೊತ್ತಿಗೆ ಕೋಣೆಯಲ್ಲಿ ಕತ್ತರಿಯ ಸದ್ದು ಮಾತ್ರ.

ಮೂಲೆಯ ಮಂಚದ ಹುಡುಗಿ ಎಂದಿನಂತೆ ಕೊನೆಗೆ ಬರುತ್ತಾಳೆ. ಕೂದಲು ಕೆಳಗೆ ಬೀಳುತ್ತಿದ್ದ ಹಾಗೆ ಕಿವಿಯ ಹಿಂದಿನ ಬೋಳು ಬಯಲಾಗುತ್ತದೆ. ಆಮೇಲೆ ಹಣೆಯ ಮೇಲಿನದು. ಕತ್ತರಿಯವನ ಕೈ ನಿಲ್ಲುತ್ತದೆ. "ಇದೇನಮ್ಮಾ ಇದು!" ಎಂದು ಅವನು ಜೋರಾಗಿಯೇ ಕೇಳುತ್ತಾನೆ. ಮೂವತ್ತು ಹುಡುಗಿಯರು ತಿರುಗಿ ನೋಡುತ್ತಾರೆ.

ಜಡೆಯಕ್ಕ ಬಾಗಿಲಿಂದ ಓಡಿಬಂದು ಅಂಗೈಯಿಂದ ಆ ಜಾಗ ಮುಚ್ಚುತ್ತಾರೆ. ಹುಡುಗಿ ಅಳುವುದಿಲ್ಲ, ಕೂಗುವುದಿಲ್ಲ. ಮೆಲ್ಲಗೆ ಆ ಕೈಯನ್ನು ತೆಗೆದು ಪಕ್ಕಕ್ಕೆ ಇಡುತ್ತಾಳೆ.

"ಹೇಳಲ್ಲ ಅಂದಿದ್ರಲ್ಲ ಅಕ್ಕ."

ಅಷ್ಟೇ. ಜಡೆಯಕ್ಕ ಅಲ್ಲಿಂದ ಸರಿದು ಪೊರಕೆ ತಂದರು. ಮೂವತ್ತೊಂದು ತಲೆಗಳ ಕೂದಲನ್ನು ಗುಡಿಸಿ ಚೀಲಕ್ಕೆ ತುಂಬುವುದೂ ಆವತ್ತಿನ ಅವರ ಕೆಲಸದಲ್ಲಿತ್ತು. ಎರಡು ಚೀಲ ತುಂಬಿತು. ಅವುಗಳ ಬಾಯಿ ಕಟ್ಟಲು ನಾನು ನೆರವಾದೆ. ಇಷ್ಟು ಹಗುರವಾದದ್ದನ್ನು ಎತ್ತಲು ಅವರಿಗೆ ಯಾಕೆ ಅಷ್ಟು ಕಷ್ಟವಾಯಿತೋ, ಎರಡು ಸಲ ಕೆಳಗಿಟ್ಟರು.

ಇದಾಗಿ ಮೂರು ವಾರ. ಜಡೆಯಕ್ಕನನ್ನು ಅಡುಗೆಮನೆಗೆ ಹಾಕಿದ್ದಾರೆ. ಬೆಳಿಗ್ಗೆ ನಾಲ್ಕೂವರೆಗೆ ಬಂದು ಹಾಲು ಕಾಯಿಸುತ್ತಾರೆ, ಲೋಟಗಳಿಗೆ ಹಾಕಿ ಸಾಲಾಗಿ ಜೋಡಿಸುತ್ತಾರೆ, ಆಮೇಲೆ ತೊಳೆಯುತ್ತಾರೆ. ನೂರ ನಲವತ್ತು ಲೋಟ, ದಿನಕ್ಕೆ ಎರಡು ಸಲ. ಐದು ಗಂಟೆಗೆ ಹುಡುಗಿಯರು ಗಟಗಟ ಕುಡಿದು ಓದಿನ ಕೋಣೆಗೆ ಓಡುತ್ತಾರೆ. ನಿಂತು ಮಾತಾಡಲು ಅವರಿಗೆ ಪುರುಸೊತ್ತಿಲ್ಲ. ಬೆನ್ನು ತಿರುಗಿಸಿ ಕೂರಲು ಜಾಗವೂ ಇಲ್ಲ. ಕಳೆದ ಸೋಮವಾರದ ಪಟ್ಟಿಯಲ್ಲಿ ತರಗತಿಯ ಸರಾಸರಿ ಒಂದೂವರೆ ಅಂಕ ಏರಿದೆಯಂತೆ. ಮಂಡಳಿಗೆ ಸಂತೋಷವಾಗಿದೆ. ಬರುವ ವರ್ಷ ಒಂಬತ್ತನೆಯವರಿಗೂ ಕತ್ತರಿಸುವ ಮಾತು ನಡೆದಿದೆ.

ಮೂಲೆಯ ಮಂಚದ ಹುಡುಗಿ ಹೇಗಿದ್ದಾಳೆ?

ಜಡೆಯಕ್ಕ ಒಲೆ ಸಣ್ಣ ಮಾಡುತ್ತಾರೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ತಮ್ಮ ಎಡ ಹುಬ್ಬನ್ನು ಮುಟ್ಟಿ ತೋರಿಸುತ್ತಾರೆ. "ಇಲ್ಲಿ. ಅರ್ಧ ಇಲ್ಲ. ಪೆನ್ಸಿಲಲ್ಲಿ ಗೀಚ್ಕೊಂಡು ಬರ್ತಾಳೆ. ಬೇರೆ ಯಾರೂ ನೋಡಿಲ್ಲ ಇನ್ನೂ."

ವಾರ್ಡನ್‌ಗೆ ಹೇಳಿದಿರಾ ಎಂದು ಕೇಳಬಾರದಿತ್ತು. ಕೇಳಿಬಿಟ್ಟೆ.

"ಹೇಗೆ ಹೇಳ್ಲಿ? ಕೂದಲು ಅಂದೆ, ಕೂದಲು ತೆಗೆದ್ರು. ಹುಬ್ಬು ಅಂದ್ರೆ ಏನು ತೆಗೀತಾರೆ? ಹೇಳ್ದೇ ಇದ್ರೆ ಇನ್ನೊಂದು ಹುಬ್ಬೂ ಹೋಗುತ್ತೆ. ರೆಪ್ಪೆ ಇದೆ, ಅದೂ ಹೋಗುತ್ತೆ. ಎರಡೂ ನನಗೆ ಗೊತ್ತು. ಯಾವುದು ತಪ್ಪು ಅಂತ ನಿಮಗೆ ಗೊತ್ತಿದ್ರೆ ನೀವೇ ಹೇಳಿ ಸಾರ್. ಓದಿದವರು ನೀವು."

 

ಐದು ಹೊಡೆಯಿತು. ಹಾಲಿನ ಸಾಲು ಶುರುವಾಯಿತು. ಕಿವಿಯ ಮಟ್ಟಕ್ಕೆ ಕತ್ತರಿಸಿದ ತಲೆಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ಹಿಂದಿನಿಂದ ನೋಡಿದರೆ ಯಾರು ಯಾರೆಂದು ಗುರುತು ಹತ್ತುವುದಿಲ್ಲ. ಕೊನೆಗೆ ಅವಳು ಬಂದಳು. ಎಲ್ಲರೂ ತಾವೇ ಲೋಟ ಎತ್ತಿಕೊಂಡರೆ, ಇವಳ ಲೋಟವನ್ನು ಮಾತ್ರ ಜಡೆಯಕ್ಕ ಕೈಯಲ್ಲೇ ಹಿಡಿದು ನಿಂತಿದ್ದರು. ಹುಡುಗಿ ಮುಖ ಎತ್ತದೆ ತೆಗೆದುಕೊಂಡಳು, ಕುಡಿದಳು, ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು ಹೋದಳು.

"ದಿನಾ ಹೀಗೇ" ಎಂದರು ಜಡೆಯಕ್ಕ. "ನನಗೆ ಕೆಲಸ ವಾಪಸ್ ಬೇಡ, ಹೆಸರೂ ಬೇಡ. ಅವಳು ಒಂದು ದಿನ ಇಲ್ಲಿ ನಿಂತು ನನ್ನನ್ನ ಬಾಯಿ ತುಂಬ ಬೈಬೇಕು ಸಾರ್. ಲೋಟ ಎತ್ತಿ ಎಸೆದ್ರೂ ಪರವಾಗಿಲ್ಲ. ಅಷ್ಟಾದ್ರೂ ಆಚೆ ಬರ್ಲಿ."

ಆಮೇಲೆ ತೋಳು ಮಡಿಸಿಕೊಂಡು, ನಲ್ಲಿ ತಿರುಗಿಸಿ, ಮೊದಲನೆಯ ಲೋಟಕ್ಕೆ ಕೈಹಾಕಿದರು.